ಹಳೇ ಫಿಯಟ್ ಓಡಿಸೋಕೆ ಕ್ಲಬ್ ಸೇರಿದ ಅನುಭವ

ನನ್ನ ಹತ್ತಿರ ಇರುವುದು 1966ರ ಫಿಯಟ್ 1100 ಡಿಲೈಟ್. ಮಾಟುಂಗದಲ್ಲಿ ಹೋಟೆಲ್ ನಡೆಸುತ್ತಿದ್ದ ದೊಡ್ಡಪ್ಪ ಓಡಿಸಿದ ಕಾರು. ಅದಕ್ಕೆ ಕವರ್ ಹೊದಿಸಿ ಸೊಸೈಟಿ ಪಾರ್ಕಿಂಗಿನಲ್ಲಿ ಸುಮ್ನೆ ನಿಲ್ಲಿಸಿಟ್ಟರೆ ಏನಾಗುತ್ತದೆ ಅಂತ ಮುಂಬೈಯಲ್ಲಿ ಒಂದು ಮಳೆಗಾಲ ಕಳೆದವರಿಗೆ ಹೇಳಬೇಕಿಲ್ಲ. ಪೆಟ್ರೋಲ್ ಟ್ಯಾಂಕಿನೊಳಗೆ ತುಕ್ಕು ಹಿಡಿಯುತ್ತದೆ, ಚಕ್ರದೊಳಗೆ ಬ್ರೇಕನ್ನು ಒತ್ತುವ ವೀಲ್ ಸಿಲಿಂಡರ್ ಜಾಮ್ ಆಗುತ್ತದೆ, ರಬ್ಬರ್ ಪೈಪುಗಳು ಬಿರುಕು ಬಿಡುತ್ತವೆ. ಹಳೇ ಕಾರು ಓಡಿದರೆ ಮಾತ್ರ ಉಳಿಯುತ್ತದೆ. ನಾನು ಹಳೇ ಕಾರುಗಳ ಕ್ಲಬ್ ಸೇರಿದ್ದು ಇದೊಂದೇ ಕಾರಣಕ್ಕೆ.

ಕ್ಲಬ್‌ಗಳಲ್ಲೂ ಎರಡು ಥರ. ಕೆಲವರಿಗೆ ಪ್ರದರ್ಶನವೇ ಮುಖ್ಯ. ಪೇಂಟು, ಕ್ರೋಮ್, ಬಹುಮಾನ. ಅದು ತಪ್ಪಲ್ಲ, ಅಂಥವರು ಇಲ್ಲದಿದ್ದರೆ ಎಷ್ಟೋ ಕಾರುಗಳು ಗುಜರಿಗೆ ಹೋಗಿರುತ್ತಿದ್ದವು. ಆದರೆ ನನಗೆ ಬೇಕಾಗಿದ್ದು ರಸ್ತೆಗಿಳಿಯುವ ಗುಂಪು. ಅದಕ್ಕೆ ಯಾರೇ ಸಿಕ್ಕಿದರೂ ಒಂದೇ ಪ್ರಶ್ನೆ ಕೇಳುತ್ತಿದ್ದೆ: ಕಳೆದ ವರ್ಷ ಎಲ್ಲೆಲ್ಲಿಗೆ ಓಡಿಸಿಕೊಂಡು ಹೋಗಿದ್ರಿ? ಟ್ರಕ್ಕಿನ ಮೇಲೆ ಹೇರಿಕೊಂಡು ಹೋದ ಊರುಗಳನ್ನೇ ಹೇಳಿದವರನ್ನು ಬಿಟ್ಟೆ.

ನಾನು ಸೇರಿದ ಕ್ಲಬ್ಬಿನಲ್ಲಿ ಒಬ್ಬ ಹಳೇ ಸದಸ್ಯರು ನಿಮ್ಮ ಹೆಸರು ಸೂಚಿಸಬೇಕು, ಕಾಗದಪತ್ರ ತೋರಿಸಬೇಕು, ಕಾರು ನೋಡಲು ಯಾರಾದರೂ ಬರುತ್ತಾರೆ. ನಮ್ಮಲ್ಲಿಗೆ ಬಂದವರು ಧಾರವಾಡ ಕಡೆಯ ಹಿರಿಯರು, ಇಲ್ಲಿ ಫಿಯಟ್ ಕಾರು ತಯಾರಿಸುತ್ತಿದ್ದ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಎಲ್ಲರೂ ಅವರನ್ನು ಕಾಕಾ ಅಂತಲೇ ಕರೆಯುತ್ತಾರೆ. ಪೇಂಟ್ ಕಡೆ ಅವರು ತಿರುಗಿಯೂ ನೋಡಲಿಲ್ಲ. ಒಳಗೆ ಕೂತು ಬ್ರೇಕ್ ಪೆಡಲ್ ಗಟ್ಟಿಯಾಗಿ ಒತ್ತಿ, ಹಾಗೇ ಹಿಡಿದುಕೊಂಡು, ವಾಚು ನೋಡುತ್ತಾ ಕೂತರು. ಪೆಡಲ್ ಇದ್ದಲ್ಲೇ ನಿಂತರೆ ಸರಿ. ಕಾಲಿನ ಕೆಳಗೆ ಮೆಲ್ಲಗೆ ಜಾರುತ್ತಾ ಹೋದರೆ ಬ್ರೇಕಿಗೆ ಒತ್ತಡ ಕೊಡುವ ಮಾಸ್ಟರ್ ಸಿಲಿಂಡರ್ ಹೋಗಿದೆ ಅಂತ ಅರ್ಥ. ಆಮೇಲೆ ಟೈರಿನ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿ ಓದಿಸಿದರು. 2319 ಅಂತಿದ್ದರೆ ಆ ಟೈರು 2019ರ 23ನೇ ವಾರದಲ್ಲಿ ತಯಾರಾದದ್ದು. ಹಳೇ ಕಾರುಗಳ ಟೈರು ಸವೆಯುವುದಕ್ಕಿಂತ ಮುಂಚೆ ಮುದಿಯಾಗುತ್ತದೆ, ಗೆರೆ ಚೆನ್ನಾಗಿದೆ ಅಂತ ನಂಬಬೇಡಿ.

ಕಾಗದದ ವಿಷಯ ಬೋರು, ಆದರೂ ಹೇಳಲೇಬೇಕು. ಹದಿನೈದು ವರ್ಷ ದಾಟಿದ ಕಾರಿನ ಆರ್‌ಸಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು, ಮಹಾರಾಷ್ಟ್ರದಲ್ಲಿ ಹಳೇ ವಾಹನಗಳಿಗೆ ಹಾಕುವ ಗ್ರೀನ್ ಟ್ಯಾಕ್ಸ್ ಬೇರೆ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಗಳಿಗೆ ವಿಂಟೇಜ್ ನೋಂದಣಿ ತಂದಿತು. ಹೊಸದಾಗಿ ನೋಂದಾಯಿಸಿದರೆ ನಂಬರಿನಲ್ಲಿ 'ವಿಎ' ಬರುತ್ತದೆ, ಮೊದಲೇ ನೋಂದಣಿ ಇರುವ ಕಾರಿಗೆ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ಆ ಕಾರನ್ನು ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ ಇಂಥದ್ದಕ್ಕೆ ಮಾತ್ರ ಹೊರಗೆ ತೆಗೆಯಬೇಕು, ದಿನದ ಓಡಾಟಕ್ಕೆ ಬಳಸುವಂತಿಲ್ಲ. ನನಗೆ ಭಾನುವಾರ ಮಾಟುಂಗಕ್ಕೆ ಇಡ್ಲಿ ತಿನ್ನೋಕೆ ಹೋಗಬೇಕು, ಹಾಗಾಗಿ ಮಾಮೂಲಿ ನೋಂದಣಿಯಲ್ಲೇ ಉಳಿದೆ. ಇನ್ಶೂರೆನ್ಸ್ ಪಾಲಿಸಿಯನ್ನೂ ಒಮ್ಮೆ ಪೂರ್ತಿ ಓದಿ. ರೇಸು, ಸ್ಪೀಡ್ ಟೆಸ್ಟ್ ಜೊತೆಗೆ 'ರಿಲಯಬಿಲಿಟಿ ಟ್ರಯಲ್', ಅಂದರೆ ಕಾರಿನ ತಾಳಿಕೆ ಪರೀಕ್ಷಿಸುವ ಓಟಕ್ಕೂ ಕವರ್ ಇಲ್ಲ ಅಂತ ಸಾಮಾನ್ಯವಾಗಿ ಬರೆದಿರುತ್ತದೆ. ನಿಗದಿತ ಸಮಯಕ್ಕೆ ನಿಗದಿತ ಜಾಗ ತಲುಪಿ ಅಂಕ ಗಳಿಸುವ ಥರದ ರ‍್ಯಾಲಿಗೆ ಹೋಗುವ ಮುಂಚೆ ಅದಕ್ಕೆ ಕವರ್ ಇದೆಯಾ ಅಂತ ಕಂಪನಿಯವರಿಂದ ಬರಹದಲ್ಲಿ ಉತ್ತರ ತಗೊಳ್ಳಿ.

ಬಿಡಿಭಾಗದ ಚಿಂತೆ ಫಿಯಟ್‌ನವರಿಗೆ ಕಮ್ಮಿ. ಇದೇ 1089 ಸಿಸಿ ಎಂಜಿನ್ನು ಮುಂದೆ ಪ್ರೀಮಿಯರ್ ಪದ್ಮಿನಿಗೂ ಬಂತು, ಮುಂಬೈಯ ಕಾಲಿ-ಪೀಲಿ (ಕಪ್ಪು-ಹಳದಿ) ಟ್ಯಾಕ್ಸಿಗಳು ಎಷ್ಟೋ ಅದರಲ್ಲೇ ಓಡಿದವು. 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ನಿಂತಿತು, ನಿಜ. ಆದರೆ ಅವನ್ನು ಬಿಚ್ಚಿ ಜೋಡಿಸಿದ ಮೆಕ್ಯಾನಿಕ್‌ಗಳು ಇನ್ನೂ ಇದ್ದಾರೆ. ಒಪೇರಾ ಹೌಸ್ ಸುತ್ತಿನ ಅಂಗಡಿಗಳಲ್ಲಿ, ಕುರ್ಲಾದ ಸಿಎಸ್‌ಟಿ ರೋಡಿನಲ್ಲಿ ಹುಡುಕಿದರೆ ಸಾಮಾನು ಸಿಗುತ್ತದೆ. ಪ್ಲಗ್ಗಿಗೆ ಕಿಡಿ ಬರಲು ಬೇಕಾದ ಸಿಬಿ ಪಾಯಿಂಟ್, ಕಂಡೆನ್ಸರ್, ಆಮೇಲೆ ಫ್ಯಾನ್ ಬೆಲ್ಟ್, ಫ್ಯುಯಲ್ ಪಂಪಿನ ಡಯಾಫ್ರಾಮ್, ಪ್ಲಗ್ಗು, ಒಂದಿಷ್ಟು ತಂತಿ, ಎರಡು ಕ್ಯಾನ್ ನೀರು. ಡಿಕ್ಕಿಯಲ್ಲಿ ಇಷ್ಟಿಲ್ಲದೆ ನಾನು ಸಯನ್ ದಾಟುವುದಿಲ್ಲ. ಇನ್ನೊಂದು ಮಾತು. ಈಗಿನ ಪೆಟ್ರೋಲಿನಲ್ಲಿ 20% ಎಥೆನಾಲ್ ಇರುತ್ತದೆ, ಅದು ಹಳೇ ರಬ್ಬರನ್ನು ತಿನ್ನುತ್ತದೆ, ನೀರನ್ನೂ ಎಳೆದುಕೊಳ್ಳುತ್ತದೆ. ಪೆಟ್ರೋಲ್ ಹರಿಯುವ ದಾರಿಯ ರಬ್ಬರನ್ನೆಲ್ಲ ಎಥೆನಾಲ್ ತಡೆಯುವಂಥದ್ದಕ್ಕೆ ಬದಲಾಯಿಸಿಬಿಡಿ.

ನಮ್ಮ ಇಷ್ಟದ ದಾರಿ ಪನ್ವೇಲ್, ಖೋಪೋಲಿ ಮೇಲೆ ಲೋಣಾವಳಕ್ಕೆ ಹೋಗುವ ಹಳೇ ಹೈವೇ. ಎಕ್ಸ್‌ಪ್ರೆಸ್‌ವೇನಲ್ಲಿ ಎಲ್ಲರೂ ನೂರರಲ್ಲಿ ಹೋಗುವಾಗ ನಾವು ಅರವತ್ತರಲ್ಲಿ ಹೋದರೆ ನಮಗೂ ಅಪಾಯ, ಅವರಿಗೂ ಅಪಾಯ. ಬೆಳಕು ಹರಿಯುವ ಮುಂಚೆ ಹೊರಡುತ್ತೇವೆ. ಎಲ್ಲಕ್ಕಿಂತ ನಿಧಾನದ ಕಾರು ಮುಂದಿನ ಸಾಲಿನಲ್ಲಿ, ಎಲ್ಲರಿಗಿಂತ ಹಿಂದೆ ಮೆಕ್ಯಾನಿಕ್ ಇರುವ ಜೀಪು. ನಾಲ್ಕೂ ಚಕ್ರಕ್ಕೆ ಹಳೇ ಥರದ ಡ್ರಮ್ ಬ್ರೇಕ್ ಇರುವ ಕಾರು ಬೇಗ ನಿಲ್ಲುವುದಿಲ್ಲ, ಮುಂದೆ ಜಾಗ ಜಾಸ್ತಿ ಬೇಕು. ವಾಶಿ ಸೇತುವೆಯ ಮೇಲೆ ಆ ಜಾಗಕ್ಕೆ ಯಾರಾದರೂ ನುಗ್ಗೇ ನುಗ್ಗುತ್ತಾರೆ. ನುಗ್ಗಲಿ, ಮತ್ತೆ ಸ್ವಲ್ಪ ಹಿಂದೆ ಸರಿಯಿರಿ.

ಖೋಪೋಲಿಯಲ್ಲಿ ವಡಾಪಾವ್, ಚಹಾ. ನಿಜವಾಗಿ ಅದು ಎಂಜಿನ್ನುಗಳು ತಣ್ಣಗಾಗಲಿ ಅಂತ ನಿಲ್ಲುವುದು. ಆಮೇಲೆ ಘಾಟ್. ಡಿಲೈಟಿನ ಗೇರು ಸ್ಟೇರಿಂಗ್ ಪಕ್ಕದಲ್ಲಿದೆ, ಒಂದನೇ ಗೇರಿಗೆ ಸಿಂಕ್ರೋ ಇಲ್ಲ, ಅಂದರೆ ಕಾರು ಓಡುತ್ತಿರುವಾಗ ಅದಕ್ಕೆ ಸಲೀಸಾಗಿ ಇಳಿಸಲು ಆಗುವುದಿಲ್ಲ. ಹಾಗಾಗಿ ಏರು ಶುರುವಾಗುವ ಮುಂಚೆಯೇ ಎರಡಕ್ಕೆ ಇಳಿಸಿ, ಅದರಲ್ಲೇ ಒಂದೇ ಸಮನೆ ಹತ್ತಿಸಬೇಕು. ಒಮ್ಮೆ ಬಿಸಿಲೇರಿದ ಮೇಲೆ ಹತ್ತುತ್ತಿದ್ದಾಗ ನನ್ನ ಕಾರು ಗಕ್ಕಗಕ್ಕ ಅಂದು ನಿಂತೇಹೋಯಿತು. ಕಾಕಾ ಇಳಿದು ಬಂದು ಬಾನೆಟ್ ಎತ್ತಿದರು. "ಏನೂ ಆಗಿಲ್ಲ ತಮ್ಮಾ, ಪೆಟ್ರೋಲ್ ಕಾದು ಹಬಿ ಆಗೇತಿ. ಸ್ವಲ್ಪ ತಡಿ." ಎಂಜಿನ್ನಿಗೇ ಅಂಟಿಕೊಂಡಿರುವ ಫ್ಯುಯಲ್ ಪಂಪು ಕಾದಾಗ ಒಳಗಿನ ಪೆಟ್ರೋಲು ಆವಿಯಾಗುತ್ತದೆ, ಆವಿಯನ್ನು ಪಂಪು ತಳ್ಳಲಾರದು. ಅವರು ತಮ್ಮ ಹೆಗಲ ಮೇಲಿನ ಟವೆಲನ್ನೇ ನೀರಲ್ಲಿ ಅದ್ದಿ, ಹಿಂಡಿ, ಪಂಪಿಗೆ ಸುತ್ತಿದರು. ಟವೆಲಿನಿಂದ ಹಬೆ ಎದ್ದಿತು. ಇನ್ನೊಮ್ಮೆ ಅದ್ದಿ ಸುತ್ತಿದರು. ಸೆಲ್ಫ್ ಹೊಡೆದರೆ ಎಂಜಿನ್ ಹಿಡಿದೇಬಿಟ್ಟಿತು. ಈ ಕೆಲಸ ನನಗೆ ಗ್ಯಾರೇಜಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಇದಕ್ಕೇ ನಾನು ಕ್ಲಬ್ಬಿನ ಚಂದಾ ಕಟ್ಟೋದು.

ದಾರಿಯಲ್ಲಿ ಶಿಂಗ್ರೋಬಾ ಗುಡಿ ಸಿಗುತ್ತದೆ. ಬ್ರಿಟಿಷರಿಗೆ ಈ ಘಟ್ಟದ ದಾರಿ ತೋರಿಸಿದ ಕುರುಬನ ಗುಡಿ ಅಂತ ಕಥೆ. ಲಾರಿ ಡ್ರೈವರುಗಳು ನಾಣ್ಯ ಎಸೆದು ಹೋಗುತ್ತಾರೆ, ನಾವೂ ಅಷ್ಟೇ. ಇಳಿಯುವಾಗ ನಿಯಮ ಒಂದೇ: ಯಾವ ಗೇರಿನಲ್ಲಿ ಹತ್ತಿದ್ದೀರೋ ಅದೇ ಗೇರಿನಲ್ಲಿ ಇಳಿಯಿರಿ. ಬರೀ ಬ್ರೇಕ್ ಒತ್ತುತ್ತಾ ಇಳಿದರೆ ಡ್ರಮ್ಮು ಕಾಯುತ್ತದೆ, ಕಾದ ಡ್ರಮ್ಮು ಹಿಡಿಯುವುದಿಲ್ಲ.

ಕಾರಿಲ್ಲದವರೂ ಬರಬಹುದು, ಪಕ್ಕದ ಸೀಟು ಖಾಲಿ ಇದ್ದೇ ಇರುತ್ತದೆ. ನನ್ನ ಮಗಳು ಅಲ್ಲಿ ಕೂತು ದಾರಿ ತೋರಿಸುವ ರೋಡ್ ಬುಕ್ ಓದುತ್ತಾಳೆ. ಪ್ರತಿ ತಿರುವಿಗೂ ಒಂದು ಪುಟ್ಟ ಚಿತ್ರ, ಚುಕ್ಕಿ ಇರುವ ಕಡೆಯಿಂದ ಬಂದು ಬಾಣದ ಕಡೆಗೆ ಹೋಗಬೇಕು. ಹೀಗೆ ಕೆಲವು ಕಾರುಗಳಲ್ಲಿ ಕೂತು ನೋಡಿದ ಮೇಲೆ ನಿಮಗೇ ಒಂದು ಬೇಕು ಅನ್ನಿಸಿದರೆ, ಪದ್ಮಿನಿಯಿಂದ ಶುರುಮಾಡಿ. ದುಡ್ಡು ಕೊಡುವ ಮುಂಚೆ ಆರ್‌ಸಿಯಲ್ಲಿರುವ ಚಾಸಿ ನಂಬರು, ಎಂಜಿನ್ ನಂಬರು ಕಾರಿನ ಮೇಲಿರುವುದಕ್ಕೆ ತಾಳೆಯಾಗುತ್ತದಾ ಅಂತ ನೀವೇ ಟಾರ್ಚ್ ಹಿಡಿದು ನೋಡಿ. ಏಜೆಂಟನ ಮಾತು ಸಾಲದು.