ಅರ್ಧ ಗಂಟೆಗೆ ದಮ್ಮು ಕಟ್ಟುತ್ತಿದ್ದ ಎಂಜಿನ್

ಕೇರಳದ ಕಡಲಲ್ಲಿ 52 ದಿನಗಳ ಟ್ರಾಲಿಂಗ್ (ಬೋಟಿನಿಂದ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ ಜುಲೈ 31ರ ಮಧ್ಯರಾತ್ರಿ ಮುಗಿಯುತ್ತದೆ. ಒಂದು ವರ್ಷ ಆಗಸ್ಟ್ ಮೊದಲ ವಾರ ಮಂಜೇಶ್ವರದಿಂದ ಹೊರಟ ನಮ್ಮ ಬೋಟು ಅರ್ಧ ಗಂಟೆ ಚೆನ್ನಾಗಿಯೇ ಓಡಿತು. ಆಮೇಲೆ 1800 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಕೊಡುವ ಎಂಜಿನ್ 1300ಕ್ಕೆ ಇಳಿಯಿತು. ನದಿ ಕಡಲು ಸೇರುವ ಅಳಿವೆ ದಾಟುವಾಗ ಹೀಗಾಗಿದ್ದರೆ? ಅಲೆಗೆ ಅಡ್ಡ ತಿರುಗಿದ ಬೋಟನ್ನು ಹಿಡಿಯುವುದು ಕಷ್ಟ. ಮೆಲ್ಲಗೆ ವಾಪಸ್ ತಂದೆವು.

ದಡದಲ್ಲಿದ್ದವರು ಎಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬಿಚ್ಚು, ಅದಕ್ಕೆ ಒತ್ತಡ ಕೊಡುವ ಪಂಪನ್ನು ರಿಪೇರಿಗೆ ಕಳಿಸು ಎಂದರು. ಅದಕ್ಕೆ ಖರ್ಚು ಜಾಸ್ತಿ. ನಾನು ಮೊದಲು ನೋಡುವುದು ಹೊಗೆಯನ್ನು. ಪ್ರೊಪೆಲ್ಲರ್‌ಗೆ ಬಲೆ ಸುತ್ತಿಕೊಂಡರೆ, ಏರ್ ಫಿಲ್ಟರ್ ಕಟ್ಟಿದರೆ, ಎಂಜಿನ್‌ಗೆ ಗಾಳಿ ತುಂಬುವ ಟರ್ಬೊ ಸೋತರೆ ಕಪ್ಪು ಹೊಗೆ ಬರುತ್ತದೆ. ಉರಿಯುವುದಕ್ಕಿಂತ ಜಾಸ್ತಿ ಡೀಸೆಲ್ ಒಳಗೆ ಹೋಗುತ್ತಿದೆ ಎಂದು ಅದರ ಅರ್ಥ. ನಮ್ಮದರಲ್ಲಿ ಹೊಗೆಯೇ ಇಲ್ಲ. ನ್ಯೂಟ್ರಲ್‌ನಲ್ಲಿ ಸಲೀಸಾಗಿ ಏರುತ್ತದೆ, ಗೇರ್ ಹಾಕಿ ಓಡಿಸಿದರೆ ಸೋಲುತ್ತದೆ. ಅಂದರೆ ಎಂಜಿನ್‌ಗೆ ಡೀಸೆಲ್ ಸಾಲುತ್ತಿಲ್ಲ ಅಲ್ವಾ?

ಎರಡೂ ಡೀಸೆಲ್ ಫಿಲ್ಟರ್ ಬದಲಿಸಿದೆ. ಮತ್ತೆ ಅದೇ ಅರ್ಧ ಗಂಟೆ. ಆದರೆ ಹತ್ತು ನಿಮಿಷ ನಿಲ್ಲಿಸಿದರೆ ಪುನಃ ಪೂರ್ತಿ ಶಕ್ತಿ ಬರುತ್ತಿತ್ತು. ನನಗೆ ದಾರಿ ತೋರಿಸಿದ್ದು ಇದೇ. ಕೆಟ್ಟ ಇಂಜೆಕ್ಟರ್ ಸುಮ್ನೆ ಹತ್ತು ನಿಮಿಷ ಕೂತರೆ ಸರಿಯಾಗುವುದಿಲ್ಲ.

ಒಂದು ಕ್ಯಾನ್‌ನಲ್ಲಿ ಹೊಸ ಡೀಸೆಲ್ ತುಂಬಿ, ಎಂಜಿನ್‌ಗಿಂತ ಎತ್ತರದಲ್ಲಿ ಕಟ್ಟಿದೆ. ಟ್ಯಾಂಕ್‌ನಿಂದ ಡೀಸೆಲ್ ಎಳೆಯುವ ಫೀಡ್ ಪಂಪ್‌ಗೆ ಅಲ್ಲಿಂದಲೇ ನೇರ ಪೈಪ್ ಕೊಟ್ಟೆ. ಉಳಿದ ಡೀಸೆಲ್ ವಾಪಸ್ ತರುವ ರಿಟರ್ನ್ ಪೈಪನ್ನೂ ಕ್ಯಾನ್‌ಗೇ ಬಿಟ್ಟೆ. ಅದನ್ನು ಮರೆತರೆ ಕ್ಯಾನ್ ಬೇಗ ಖಾಲಿಯಾಗುತ್ತದೆ. ಪೈಪಿನೊಳಗೆ ಸಿಕ್ಕಿದ ಗಾಳಿ ತೆಗೆದು ಓಡಿಸಿದೆವು. ಒಂದು ಗಂಟೆ ಕಳೆದರೂ 1800 ಬಿಟ್ಟು ಇಳಿಯಲಿಲ್ಲ! ಇಂಜೆಕ್ಟರ್, ಪಂಪ್ ಎರಡೂ ಗಟ್ಟಿ. ದೋಷ ಇರುವುದು ಟ್ಯಾಂಕ್‌ನಿಂದ ಫೀಡ್ ಪಂಪ್‌ವರೆಗೆ.

ಟ್ಯಾಂಕ್‌ನ ಗಾಳಿ ಕೊಳವೆ ಕಟ್ಟಿದರೂ ಡೀಸೆಲ್ ಸರಿಯಾಗಿ ಬರುವುದಿಲ್ಲ, ಆದರೆ ಅದು ತೆರೆದೇ ಇತ್ತು. ಮುಚ್ಚಳ ತೆಗೆದು ಟಾರ್ಚ್ ಬಿಟ್ಟರೆ ತಳದಲ್ಲಿ ನೀರು, ಅದರ ಮೇಲೆ ಕಂದು ಲೋಳೆ. ಮಳೆಗಾಲವಿಡೀ ಟ್ಯಾಂಕ್ ಅರ್ಧ ಖಾಲಿ ನಿಂತಿತ್ತು. ಒಳಗಿನ ತೇವ ಗಾಳಿ ಗೋಡೆಯಲ್ಲಿ ಬೆವರಿ ನೀರಾಗುತ್ತದೆ. ನೀರು, ಡೀಸೆಲ್ ಸೇರುವಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗುತ್ತದೆ. ಓಡುವಾಗ ಆ ಲೋಳೆ ಡೀಸೆಲ್ ಎಳೆಯುವ ಸಕ್ಷನ್ ಪೈಪಿನ ಬಾಯಿಗೆ ಅಂಟುತ್ತಿತ್ತು. ನಿಲ್ಲಿಸಿದರೆ ಕಳಚಿ ಬೀಳುತ್ತಿತ್ತು.

ಟ್ಯಾಂಕ್ ಪೂರ್ತಿ ಬರಿದು ಮಾಡಿ, ತೊಳೆದು, ಒರೆಸಿದೆವು. ಪೈಪ್‌ಗೆ ಗಾಳಿ ಊದಿದೆವು. ಫಿಲ್ಟರ್ ಮತ್ತೊಮ್ಮೆ ಹೊಸದು ಹಾಕಿದೆ. ಈಗ ಜೂನ್ 9ರ ಮಧ್ಯರಾತ್ರಿ ನಿಷೇಧ ಶುರುವಾಗುವ ಮೊದಲೇ ಟ್ಯಾಂಕ್ ತುಂಬಿಸಿಡುತ್ತೇವೆ. ಕಡಲಿಗೆ ಇಳಿಸುವ ಹಿಂದಿನ ದಿನ ತಳದ ಡ್ರೈನ್ ತೆಗೆದು ಒಂದು ಗಾಜಿನ ಬಾಟಲಿಗೆ ಹಿಡಿಯುತ್ತೇನೆ. ಬರೀ ಡೀಸೆಲ್ ಕಾಣುವವರೆಗೂ ಕೀಲಿ ತಿರುಗಿಸುವುದಿಲ್ಲ.