ಮೊದಲ ರಾತ್ರಿಯೇ ‘ಸರದ ದರ’: ದೊಡ್ಡವರಿಗೆ ಓದು ಕಲಿಸುವ ನನ್ನ ಕ್ರಮ

ಹಲಗೆ, ಬಳಪ ಹಂಚುವುದಕ್ಕೂ ಮುಂಚೆ ಸೂಜಿ ದಾರ ತೆಗೆದಿಡುತ್ತೇನೆ. ಪೋಣಿಸಿ ಎಂದು ಕೊಟ್ಟಾಗ ಸೂಜಿಯನ್ನು ಮುಖದಿಂದ ದೂರಕ್ಕೆ ಹಿಡಿದವರಿಗೆ ಕನ್ನಡಕ ಬೇಕು ಎಂದೇ ಲೆಕ್ಕ. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕಾಗುವುದು ಸಹಜ, ಆದರೆ ಹೊಲದ ಕೆಲಸದಲ್ಲಿ ಅದು ಗೊತ್ತಾಗುವುದೇ ಇಲ್ಲ. ‘ನಮ್ ತಲೆಗೆ ಹತ್ತಲ್ಲ ಬಿಡಿ’ ಎನ್ನುವವರಲ್ಲಿ ಹಲವರ ತೊಂದರೆ ತಲೆಯದಲ್ಲ, ಕಣ್ಣಿನದು. ಪ್ಲಸ್ 1.5, 2, 2.5ರ ಮೂರು ಓದುವ ಕನ್ನಡಕ ಕಲಿಕಾ ಕೇಂದ್ರದಲ್ಲಿದ್ದರೆ ಅಲ್ಲೇ ಹಾಕಿಸಿ ನೋಡಬಹುದು. ಅದರಲ್ಲೂ ಕಾಣದಿದ್ದರೆ ಪೊರೆ ಇರಬಹುದು, ಆಸ್ಪತ್ರೆಗೆ ಕಳಿಸಬೇಕು.

ಒಬ್ಬರು ಕಲಿಸುವವರಿಗೆ ಹತ್ತು ಜನ ಸಾಕು. ಡೇರಿಗೆ ಹಾಲು ಹಾಕಿ ಬಂದ ಮೇಲೆ, ಏಳೂವರೆಯಿಂದ ಒಂಬತ್ತು. ವಯಸ್ಕರ ಸಾಕ್ಷರತೆಗೆ ಸುಮಾರು 200 ಗಂಟೆ ಎಂದು ಸರ್ಕಾರಿ ಕಾರ್ಯಕ್ರಮಗಳು ಲೆಕ್ಕ ಇಟ್ಟಿವೆ. ವಾರಕ್ಕೆ ಐದು ರಾತ್ರಿ ಎಂದರೆ ಏಳೂವರೆ ಗಂಟೆ. ರಾಗಿ ಕಣ ಮುಗಿದು ಸಂಕ್ರಾಂತಿ ಕಳೆದ ಮೇಲೆ ಶುರು ಮಾಡಿದರೆ ಬಿತ್ತನೆ ಹೊತ್ತಿಗೆ 150 ಗಂಟೆ ಸಿಗುತ್ತದೆ. ಜೂನ್‌ನಲ್ಲಿ ಶುರು ಮಾಡಿದ ಕೇಂದ್ರ ಮೂರನೇ ವಾರಕ್ಕೆ ಖಾಲಿ.

ಇನ್ನು ಅಕ್ಷರ. ಅ ಆ ಇ ಈ ಎಂದು 49 ಅಕ್ಷರ ಸಾಲಾಗಿ ತಿದ್ದಿಸಿದರೆ ಒಂದು ಪದ ಓದುವ ಹೊತ್ತಿಗೆ ಎರಡು ತಿಂಗಳು ಕಳೆದಿರುತ್ತದೆ. ಙ, ಞ, ಋ ಕಲಿತು ಯಾರೂ ಬಸ್ ಬೋರ್ಡ್ ಓದಿಲ್ಲ. ನಮ್ಮ ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಲ್ಲಿ ಕಲಿಸುವ ನಲಿ ಕಲಿ ಕ್ರಮವನ್ನೇ ನಾನು ಎರವಲು ತಂದೆ: ಮೊದಲು ರ ಗ ಸ ದ ಅ, ಆಮೇಲೆ ಜ ವ ಮ ಬ ನ. ಮೊದಲ ರಾತ್ರಿ ರ, ಸ, ದ ಮೂರೇ. ಅಷ್ಟರಲ್ಲೇ ಸರ, ದರ, ಸರದ ದರ. ಚಿನ್ನದ ಸರದ ಮಾತು ಬಂದರೆ ಕೇಂದ್ರದಲ್ಲಿ ತೂಕಡಿಸುವವರಿರುವುದಿಲ್ಲ. ಐದು ಅಕ್ಷರಕ್ಕೆ ಅಗಸ, ಅರಸ, ಗರಗಸ. ಹತ್ತಾಗುವ ಹೊತ್ತಿಗೆ ದನ, ಜನ, ಮರ, ಬರ, ಬಸವನ ಮಗ. ಹತ್ತು ಅಕ್ಷರಕ್ಕೆ ನಾಲ್ಕು ವಾರ ಕೊಡಿ.

ಈ ಕ್ರಮದಲ್ಲಿ ಒಂದು ಕಡೆ ಮಾತ್ರ ಕೈ ಹಾಕಿದ್ದೇನೆ. ವ ಮತ್ತು ಮ ಒಂದೇ ಗುಂಪಿನಲ್ಲಿವೆ, ಬಾಲವಷ್ಟೇ ವ್ಯತ್ಯಾಸ. ದೊಡ್ಡವರಿಗೆ ಒಟ್ಟಿಗೆ ಕೊಟ್ಟರೆ ಕೊನೆವರೆಗೂ ಕಲಸಿಹೋಗುತ್ತವೆ. ಮ ಮೊದಲು, ವ ಒಂದು ವಾರ ಬಿಟ್ಟು. ಪ ಮತ್ತು ಷಗೂ ಇದೇ ನಿಯಮ.

ಬರವಣಿಗೆಗೆ ಹೆಂಗಸರಿಗೆ ಮೊದಲು ರಂಗೋಲಿ ಪುಡಿಯೇ ಸರಿ. ಎಳೆ ಸುತ್ತಿ ಬಳಸುವ ಕೈಗೆ ಕನ್ನಡದ ಗುಂಡು ಹೊಸದೇನಲ್ಲ. ಗಂಡಸರಿಗೆ ಮರಳಿನ ಮೇಲೆ ಬೆರಳು. ಪೆನ್ಸಿಲ್ ಮೊದಲ ವಾರವೇ ಕೊಟ್ಟರೆ ಗುದ್ದಲಿ ಹಿಡಿದ ಕೈ ಒತ್ತಿ ಮೊನೆ ಮುರಿಯುತ್ತದೆ, ಮನಸ್ಸೂ ಮುರಿಯುತ್ತದೆ.

ಕಾಗುಣಿತವನ್ನು ಕ ಕಾ ಕಿ ಕೀ ಎಂದು ಉದ್ದಕ್ಕೆ ಬಾಯಿಪಾಠ ಮಾಡಿಸುವುದಿಲ್ಲ. ಒಂದು ವಾರ ಇಳಿ ಮಾತ್ರ: ರಾ, ಗಾ, ದಾ, ಮಾ, ನಾ. ದಾರ, ಮಾವ, ರಾಜ ಓದಿದ ಮೇಲೆ ಗುಡಿಸು, ಆಮೇಲೆ ಕೊಂಬು. ಪು, ವು ಎರಡರಲ್ಲಿ ಕೊಂಬು ಕೆಳಗೆ ನೇತುಬೀಳುವುದರಿಂದ ಅವನ್ನು ಬೇರೆಯಾಗಿ ತೋರಿಸಬೇಕು. ಒತ್ತಕ್ಷರವನ್ನು ಅಮ್ಮ, ಅಕ್ಕ, ಅಪ್ಪದಿಂದ ಹಿಡಿದರೆ ಸುಲಭ. ಅರ್ಕಾವತ್ತು ಎಲ್ಲದಕ್ಕೂ ಕೊನೆ, ಏಕೆಂದರೆ ‘ಧರ್ಮ’ದಲ್ಲಿ ಮೊದಲು ಉಚ್ಚರಿಸುವ ರಕಾರದ ಗುರುತು ಮಕಾರದ ನಂತರ ಕೂತಿರುತ್ತದೆ.

ಹೆಚ್ಚು ತಾಳ್ಮೆ ಬೇಡುವುದು ಉಚ್ಚಾರದ ವಿಷಯ. ನಮ್ಮ ಹಳೇ ಮೈಸೂರು ಕಡೆ ಹಾಲು ‘ಆಲು’, ಹೋಗು ‘ವೋಗು’. ಸ, ಶ, ಷ ಮೂರೂ ಒಂದೇ. ಉಕ್ತಲೇಖನದಲ್ಲಿ ‘ಆಲು’ ಎಂದು ಬರೆದವರು ತಮ್ಮ ಕಿವಿಗೆ ಕೇಳಿದ್ದನ್ನೇ ಸರಿಯಾಗಿ ಬರೆದಿರುತ್ತಾರೆ. ಅಲ್ಲಿ ಕೆಂಪು ಗೀರು ಹಾಕಿದರೆ ನಾಳೆ ಬರುವುದಿಲ್ಲ. ನಾಲಗೆ ತಿದ್ದಲು ಹೋಗದೆ ಡೇರಿ ಬೋರ್ಡಿನ ‘ಹಾಲು ಉತ್ಪಾದಕರ ಸಹಕಾರ ಸಂಘ’ ತೋರಿಸುತ್ತೇನೆ: ಬಾಯಲ್ಲಿ ಹೇಗಾದರೂ ಅನ್ನಿ, ಬೋರ್ಡಿನಲ್ಲಿ ಹೀಗೆ. ಧ, ಭಗಳ ಹೊಟ್ಟೆ ಸೀಳುವುದಕ್ಕೂ ಇದೇ ದಾರಿ, ಪದವನ್ನು ಕಣ್ಣಲ್ಲಿ ಹಿಡಿಯುವುದು.

ಅಕ್ಷರ ಕೂಡಿಸಿ ಓದಲು ಬಂದಾಕ್ಷಣ ಗೆದ್ದೆವು ಎಂದುಕೊಂಡು ಕೇಂದ್ರ ಮುಚ್ಚುವುದು ದೊಡ್ಡ ತಪ್ಪು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಒಂದೊಂದೇ ಅಕ್ಷರ ಎಣಿಸಿ ಓದುವವರು ‘ಕಟ್ಟತಕ್ಕದ್ದಲ್ಲ’ ತಲುಪುವಷ್ಟರಲ್ಲಿ ಏನನ್ನು ಕಟ್ಟಬಾರದು ಎಂಬುದೇ ಮರೆತಿರುತ್ತದೆ. ಅದಕ್ಕೆ ನಾಲ್ಕು ಸಾಲಿನ ಒಂದೇ ಪ್ಯಾರಾವನ್ನು ಮೂರು ರಾತ್ರಿ ಓದಿಸಿ, ಪ್ರತಿ ರಾತ್ರಿ ಮೊಬೈಲಿನಲ್ಲಿ ಸಮಯ ಹಿಡಿಯುತ್ತೇನೆ. ಕಳೆದ ಸಲಕ್ಕಿಂತ ಬೇಗ ಮುಗಿದರೆ ಅವರಿಗೇ ಖುಷಿ.

ಲೆಕ್ಕ ಕಲಿಸುವುದೇನಿಲ್ಲ, ಬರೆಯುವುದನ್ನು ಕಲಿಸಬೇಕು. ಆರೂವರೆ ಲೀಟರ್ ಹಾಲಿಗೆ 34 ರೂಪಾಯಿಯಂತೆ 221 ಎಂದು ಬಾಯಲ್ಲೇ ಹೇಳುವವರು, ಇನ್ನೂರ ಐದು ಬರೆಯಿರಿ ಎಂದರೆ 2005 ಎನ್ನುತ್ತಾರೆ. ಕಿವಿಗೆ ಕೇಳಿದ್ದು ಹಾಗೇ: ಇನ್ನೂರು, ಐದು. ನೆಲದ ಮೇಲೆ ಮೂರು ಮನೆ ಎಳೆದು ನೂರರ ನೋಟು ಎರಡು, ಹತ್ತರ ಮನೆ ಖಾಲಿ, ರೂಪಾಯಿ ನಾಣ್ಯ ಐದು ಇಡಿಸಿ. ಖಾಲಿ ಮನೆಗೆ ಸೊನ್ನೆ. ಎರಡು ಸಂಜೆಯಲ್ಲಿ ಸರಿಹೋಗುತ್ತದೆ. ಆ ಮೇಲೆ ಡೇರಿ ಚೀಟಿಯ 6.5 ತೋರಿಸಿದರೆ ಚುಕ್ಕಿ ಅರ್ಥವಾಗುತ್ತದೆ. ಪಾಸ್‌ಬುಕ್ಕಿನ ಗೃಹಲಕ್ಷ್ಮಿ ಎರಡು ಸಾವಿರ ಬಂದ ಸಾಲನ್ನು ಹುಡುಕಿಸುವುದಕ್ಕಿಂತ ಒಳ್ಳೆಯ ಅಭ್ಯಾಸ ಪುಸ್ತಕ ನಾನು ಕಂಡಿಲ್ಲ. ಅಂಕಿಗಳನ್ನು 1, 2, 3 ರೂಪದಲ್ಲೇ ಮೊದಲು ಕೊಡಿ. ಮೊಬೈಲು, ನೋಟು, ಚೀಟಿ ಎಲ್ಲ ಕಡೆ ಇರುವುದು ಅವೇ. ಒಟಿಪಿ ಓದಲು ಬಂದ ದಿನವೇ, ಅದನ್ನು ಯಾರಿಗೂ ಹೇಳಬಾರದು ಎಂಬುದನ್ನೂ ಕಲಿಸಿ.

ಸಹಿ. ಎಲ್ಲರೂ ಬರುವುದು ಅದಕ್ಕೇ, ಹೆಬ್ಬೆಟ್ಟು ತಪ್ಪಲಿ ಎಂದು. ಮೊದಲ ವಾರವೇ ಕಲಿಸಿದರೆ ಅದು ಚಿತ್ರವಾಗುತ್ತದೆ: ಹೆಸರು ಗೀಚುತ್ತಾರೆ, ಅದರೊಳಗಿನ ಒಂದು ಅಕ್ಷರವನ್ನೂ ಬೇರೆ ಕಡೆ ಗುರುತಿಸುವುದಿಲ್ಲ, ಬರುವುದೂ ನಿಲ್ಲುತ್ತದೆ. ಮುಂದೂಡಿದರೆ ಮುನಿಸು. ಸರಸಮ್ಮನವರಿಗೆ ಹೆಸರು ಬೇಗ ಒಲಿಯುತ್ತದೆ. ಲಕ್ಷ್ಮಮ್ಮನವರ ಪಾಡು ಬೇರೆ, ಕಕಾರಕ್ಕೆ ಷ, ಮ ಎರಡು ಒತ್ತು. ಅಂಥವರಿಗೆ ಲ ಮತ್ತು ಮ್ಮ ಕಲಿಸಿ, ನಡುವಿನ ಕ್ಷ್ಮವನ್ನು ನಾನೇ ಚುಕ್ಕಿಯಲ್ಲಿ ಬರೆದು ತಿದ್ದಿಸುತ್ತೇನೆ. ಬ್ಯಾಂಕಿನಲ್ಲಿ ಹೆಬ್ಬೆಟ್ಟು ಬದಲಿಸಲು ಕಳಿಸುವ ಮುನ್ನ ಒಂದು ಹಾಳೆಯಲ್ಲಿ ಇಪ್ಪತ್ತು ಸಹಿ ಹಾಕಿಸಿ. ಒಂದೇ ತರ ಬಾರದಿದ್ದರೆ ಇನ್ನೊಂದು ವಾರ ತಡೆಯಿರಿ, ಇಲ್ಲದಿದ್ದರೆ ಹಣ ತೆಗೆಯಲು ಹೋದಾಗ ಸಹಿ ಹೊಂದಲಿಲ್ಲ ಎಂದು ವಾಪಸ್ ಬರುತ್ತಾರೆ.

ಕಲಿತದ್ದು ಬಳಸದಿದ್ದರೆ ಮರೆತುಹೋಗುತ್ತದೆ. ವಾಟ್ಸಾಪಿನ ವಾಯ್ಸ್ ಮೆಸೇಜು ಬಂದ ಮೇಲೆ ಓದುವ ಪ್ರಮೇಯವೂ ಕಮ್ಮಿ. ನಮ್ಮಲ್ಲಿ ಸ್ವಲ್ಪ ನಿಂತದ್ದು ಒಂದೇ ಉಪಾಯ: ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆಯುವ ಸರದಿ. ಪ್ರತಿ ವಾರ ಒಬ್ಬರು ಹೆಸರು, ಉಳಿತಾಯ, ಸಾಲ, ಬಡ್ಡಿ ಬರೆಯಬೇಕು, ಪಕ್ಕದವರು ಗಟ್ಟಿಯಾಗಿ ಓದಬೇಕು. ಮೊದಲ ಎರಡು ತಿಂಗಳು ಸಭೆ ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ, ಬೈಗುಳವೂ ಬರುತ್ತದೆ. ಚೆನ್ನಾಗಿ ಬರೆಯುವ ಹುಡುಗಿಯೊಬ್ಬಳ ಕೈಗೆ ಪುಸ್ತಕ ಕೊಟ್ಟುಬಿಡೋಣ ಎಂಬ ಮಾತು ಆಗಲೇ ಏಳುವುದು. ಕೊಡಬೇಡಿ.