ಕಾಣದ ಮನೆಯ ನೆನಪಿಗೆ ಏನನ್ನುವುದು?

ಒಂದು ಪದಕ್ಕೆ ಹನ್ನೊಂದು ದಿನ ಹಿಡಿಯಿತು. ಅನುವಾದಕ್ಕೆ ಬಂದಿದ್ದು ಪುಟ್ಟದೊಂದು ಇಂಗ್ಲಿಷ್ ಕಥೆ. ಫ್ಲಾಟಿನಲ್ಲಿ ಬೆಳೆದ ಹುಡುಗಿ. ಅವಳು ಹುಟ್ಟುವ ಮೊದಲೇ ಮಾರಿಹೋಗಿದ್ದ ತೊಟ್ಟಿಮನೆ. ಅದರದೊಂದು ಫೋಟೋ ಕೂಡ ಉಳಿದಿಲ್ಲ. ಆದರೂ ಆ ಮನೆಯ ಬಗ್ಗೆ ಅವಳಿಗೆ 'ನಾಸ್ಟಾಲ್ಜಿಯಾ'.

ಹಾಗೇ ಬರೆದುಬಿಡಬಹುದಿತ್ತು, ಎಲ್ಲರಿಗೂ ಗೊತ್ತಿರುವ ಪದ. ಆದರೆ ಅದರ ಹುಟ್ಟೇ ಬೇರೆ. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ ಗ್ರೀಕ್‌ನ ಎರಡು ಪದ ಜೋಡಿಸಿ ಕಟ್ಟಿದ್ದು. ಒಂದು ಮನೆಗೆ ಮರಳುವುದು, ಇನ್ನೊಂದು ನೋವು. ಊರು ಬಿಟ್ಟವರಿಗೆ ಹಿಡಿಯುವ ಕಾಯಿಲೆಯ ಹೆಸರು ಅದು. ನನ್ನ ಹುಡುಗಿ ಬಿಟ್ಟು ಬಂದಿದ್ದಾದರೂ ಏನನ್ನು? ತಾನು ಬದುಕದ ಕಾಲದ ಹಂಬಲಕ್ಕೆ ಅಮೆರಿಕದ ಲೇಖಕ ಜಾನ್ ಕೋನಿಗ್ 'ಅನೆಮೋಯಾ' ಅಂತ ಹೊಸ ಪದವನ್ನೇ ಕಟ್ಟಬೇಕಾಯಿತು. ಅದನ್ನು ಕನ್ನಡದಲ್ಲಿ ಬರೆದರೆ ಮಾತ್ರೆಯ ಹೆಸರಿನ ಹಾಗೆ ಕೇಳುತ್ತೆ.

ಕಿಟೆಲ್ ನಿಘಂಟು ತೆರೆದೆ. 1894ರದ್ದು, ಅದೂ ಬಾಸೆಲ್ ಮಿಷನ್‌ನದೇ, ತಮಾಷೆ ನೋಡಿ.

'ಗತಕಾಲದ ಹಂಬಲ' ಅಂತ ಬರೆದೆ. ಸ್ಮಾರಕದ ಮುಂದಿನ ಫಲಕದ ಹಾಗಿತ್ತು, ಹೊಡೆದುಹಾಕಿದೆ. 'ನೆನಪು' ಆಗುವುದಿಲ್ಲ. ಪಂಪನ ಅರ್ಜುನ ಬನವಾಸಿಯನ್ನು ನೆನೆಯುವುದು ಕಂಡ ನಾಡು ಅಂತ. 'ಹಳಹಳಿಕೆ' ಹತ್ತಿರ ಬಂತು, 'ಹಳೆ' ಅನ್ನುವುದೂ ಕಿವಿಗೆ ಬೀಳುತ್ತೆ. ಆದರೆ ಅದರಲ್ಲಿ ಕಳೆದುಕೊಂಡವರ ಪರಿತಾಪ ಜಾಸ್ತಿ. 'ಕನವರಿಕೆ' ಇಷ್ಟವಾಯಿತು. ನಿದ್ದೆಯಲ್ಲಿ ಬಡಬಡಿಸುವುದು. ಅದನ್ನೇ ಹಾಕಿ ಮುಗಿಸಿದೆ ಅಂದುಕೊಂಡೆ. ಓದಿದರೆ ಹುಡುಗಿಗೆ ಜ್ವರ ಬಂದಂತಿತ್ತು.

ಆ ಭಾನುವಾರ ನಮ್ಮ ಸೋದರತ್ತೆ ಮನೆಗೆ ಬಂದಿದ್ದರು. ಮಗಳಿಗೆ ನಾನು ಹೇಳುತ್ತಿದ್ದೆ, "ನಮ್ಮ ಹಳೇ ಮನೇಲಿ ಮಳೆ ನೇರ ತೊಟ್ಟಿಗೇ ಬೀಳ್ತಿತ್ತಂತೆ." ಅತ್ತೆ ಅವರೆಕಾಳು ಹಿಸುಕುತ್ತಲೇ ಅಂದರು, "ಬೀಳ್ತಿತ್ತು ಕಣೇ. ಎರಚಲು ಪಡಸಾಲೆ ತನಕ ಹೊಡೀತಿತ್ತು. ಒರೆಸಿ ಒರೆಸಿ ನನ್ನ ಸೊಂಟ ಬಿದ್ದೋಯ್ತು."

ನನ್ನದು 'ಬೀಳ್ತಿತ್ತಂತೆ', ಅವರದು 'ಬೀಳ್ತಿತ್ತು'. ನಾನು ಹುಡುಕುತ್ತಿದ್ದುದು ಆ 'ಅಂತೆ'ಯಲ್ಲೇ ಇತ್ತು. ಹಂಪಿಯ ಬೀದಿಯಲ್ಲಿ ಮುತ್ತುರತ್ನ ಸೇರಿನಲ್ಲಿ ಅಳೆದು ಮಾರುತ್ತಿದ್ದರಂತೆ ಅಂತ ನಾವೆಲ್ಲ ಹೇಳಿಕೊಳ್ಳುತ್ತೇವಲ್ವಾ? ಹೇಳ್ತಾ ಹೇಳ್ತಾ ಆ 'ಅಂತೆ' ಉದುರಿಹೋಗುತ್ತೆ, ನಾವೇ ಅಲ್ಲಿ ನಿಂತು ಅಳೆಸಿಕೊಂಡಂತೆ ಆಡುತ್ತೇವೆ.

ಹಾಗಾಗಿ ಆ ಪದವನ್ನೇ ಕೈಬಿಟ್ಟೆ. ಪ್ಯಾರಾ ಹೀಗಾಯಿತು: "ತೊಟ್ಟಿಯಲ್ಲಿ ಮಳೆ ಬೀಳುತ್ತಿತ್ತಂತೆ. ಕಂಬಕ್ಕೆ ಒರಗಿ ಅಜ್ಜಿ ಹೂ ಕಟ್ಟುತ್ತಿದ್ದರಂತೆ. ಹೂವಿನ ಬುಟ್ಟಿಯ ಮೇಲೆ ಹನಿ ಸಿಡಿಯುತ್ತಿತ್ತು. ಅವಳು ಬುಟ್ಟಿಯನ್ನು ಒಳಗೆ ಎಳೆದಳು." ಮೂರನೇ ವಾಕ್ಯದಲ್ಲಿ 'ಅಂತೆ' ಇಲ್ಲ, ನಾಲ್ಕನೆಯದರಲ್ಲಿ ಹುಡುಗಿಯೇ ಆ ಮನೆಯೊಳಗಿದ್ದಾಳೆ. ಮೂಲದಲ್ಲಿ ಬುಟ್ಟಿ ಇರಲಿಲ್ಲ. ಲೇಖಕಿಗೆ ಬರೆದು ಕೇಳಿ, ಒಪ್ಪಿಗೆ ತೆಗೆದುಕೊಂಡೆ.

ಕರಡು ತಿದ್ದಿದವರು ಮೂರನೇ ವಾಕ್ಯಕ್ಕೂ ಒಂದು 'ಅಂತೆ' ಸೇರಿಸಿ ಕಳಿಸಿದ್ದರು. ಕೈತಪ್ಪಿ ಬಿಟ್ಟಿದ್ದೇನೆ ಅಂದುಕೊಂಡರಂತೆ. ಫೋನ್ ಮಾಡಿ ತೆಗೆಸಿದೆ.